ದಮಾಸ್ಕಸ್ಸಿನ ಮಂಚ, ನಿಮ್ರೂದಿನ ಗೋಡೌನು

ಇವತ್ತು ಪೀಠಿಕೆ ಬೇಡ, ಸೀದಾ ಒಂದು ಪಟ್ಟಿ ಓದ್ತೀನಿ. ಕೇಳಿಸ್ಕೊಳ್ಳಿ.

ಬೆಳ್ಳಿ, 2,300 ಟ್ಯಾಲೆಂಟ್. ಚಿನ್ನ, 20 ಟ್ಯಾಲೆಂಟ್. ಕಂಚು, 3,000 ಟ್ಯಾಲೆಂಟ್. ಕಬ್ಬಿಣ, 5,000 ಟ್ಯಾಲೆಂಟ್. ಬಣ್ಣದ ಅಂಚಿನ ಬಟ್ಟೆಗಳು. ದಂತದ ಮಂಚ. ದಂತ ಕೂರಿಸಿದ ದಿವಾನ.

ಇದು ಅಸ್ಸೀರಿಯಾದ ರಾಜ ಮೂರನೇ ಅದದ್-ನಿರಾರಿ ದಮಾಸ್ಕಸ್ಸಿನ ರಾಜನಿಂದ ವಸೂಲಿ ಮಾಡಿದ ಕಪ್ಪದ ಲೆಕ್ಕ. ಇವತ್ತಿಗೆ ಸುಮಾರು 2,800 ವರ್ಷದ ಹಿಂದಿನದ್ದು, ಕಲ್ಲಿನ ಮೇಲೆ ಕೆತ್ತಿಸಿಟ್ಟಿದ್ದಾನೆ. ಟ್ಯಾಲೆಂಟ್ ಅಂದ್ರೆ ಆ ಕಾಲದ ಒಂದು ತೂಕ, ಹೆಚ್ಚುಕಡಿಮೆ 30 ಕೆಜಿ ಅಂದ್ಕೊಳ್ಳಿ. ಅಲ್ಲಿಗೆ ಚಿನ್ನ 600 ಕೆಜಿ, ಬೆಳ್ಳಿ 69 ಟನ್, ಕಬ್ಬಿಣ 150 ಟನ್. ನಾನು ಓದಿದ್ದು ಬಿ.ಕಾಂ, ಇಂಥ ಪಟ್ಟಿ ಕಂಡ್ರೆ ಕಣ್ಣು ತಾನಾಗೇ ಕೊನೇ ಸಾಲಿಗೆ ಹೋಗುತ್ತೆ. ಇಲ್ಲಿ ಕೊನೇಲಿ ಇರೋದು ಮಂಚ. 69 ಟನ್ ಬೆಳ್ಳಿ ಹೊತ್ತುಕೊಂಡು ಹೋದವನು ಒಂದು ಮಂಚವನ್ನ ಯಾಕೆ ಪ್ರತ್ಯೇಕವಾಗಿ ಬರೆಸಿದ? ಲೋಹವೆಲ್ಲಾ ತೂಕದ ಲೆಕ್ಕದಲ್ಲಿದೆ, ಇದು ವಸ್ತುವಾಗಿಯೇ ಇದೆ.

ಈ ಸಂಚಿಕೆ ಅಂಥ ಮಂಚಗಳ ಬಗ್ಗೆ, ಕುರ್ಚಿಗಳ ಬಗ್ಗೆ. ಇನ್ನೂ ಸರಿಯಾಗಿ ಹೇಳಬೇಕಂದ್ರೆ, ಆ ಮಂಚ-ಕುರ್ಚಿಗಳ ಮೇಲೆ ಕೂರಿಸಿದ್ದ ಆನೆದಂತದ ಕೆತ್ತನೆಗಳ ಬಗ್ಗೆ. ಮ್ಯೂಸಿಯಮ್ಮುಗಳಲ್ಲಿ ಇವನ್ನ ‘ನಿಮ್ರೂದ್ ದಂತಗಳು’ ಅಂತಾರೆ. ಪುಸ್ತಕಗಳಲ್ಲಿ ಅಸ್ಸೀರಿಯಾದ ಕಲೆ ಅನ್ನೋ ಅಧ್ಯಾಯದಲ್ಲಿ ಬರುತ್ತವೆ. ಆ ಹೆಸರಿನ ಬಗ್ಗೆ ನನಗೊಂದು ತಕರಾರಿದೆ, ಅದಕ್ಕೆ ಆಮೇಲೆ ಬರ್ತೀನಿ.

ಮೊದಲು ಜಾಗ ಯಾವುದು ಅಂತ ನೋಡೋಣ. ಮ್ಯಾಪಲ್ಲಿ ಇರಾಕ್ ತೆಗೀರಿ, ಉತ್ತರಕ್ಕೆ ಮೋಸುಲ್ ಹುಡುಕಿ. ಅಲ್ಲಿಂದ ಟೈಗ್ರಿಸ್ ನದಿಯ ಜೊತೆ ಸುಮಾರು 30 ಕಿಲೋಮೀಟರ್ ದಕ್ಷಿಣಕ್ಕೆ ಬಂದ್ರೆ ನಿಮ್ರೂದ್. ಹಳೇ ಹೆಸರು ಕಲ್ಹು. ಕ್ರಿ.ಪೂ. 883ರಲ್ಲಿ ಪಟ್ಟಕ್ಕೆ ಬಂದ ಎರಡನೇ ಅಶುರ್‌ನಾಸಿರ್‌ಪಾಲ್ ಇದನ್ನ ರಾಜಧಾನಿ ಮಾಡಿದ, ದೊಡ್ಡ ಅರಮನೆ ಕಟ್ಟಿಸಿದ. ಕಟ್ಟಿ ಮುಗಿದ ಮೇಲೆ ಗೃಹಪ್ರವೇಶದ ಊಟ ಹಾಕಿಸಿದ, ಹತ್ತು ದಿನ. ಎಷ್ಟು ಜನಕ್ಕೆ ಅಂತ ಕಲ್ಲಲ್ಲಿ ಬರೆಸಿದ್ದಾನೆ. ನಾಡಿನ ಮೂಲೆಮೂಲೆಯಿಂದ ಬಂದವರು 47,074, ಹೊರನಾಡಿನ ಗಣ್ಯರು ಮತ್ತು ದೂತರು 5,000, ಊರಿನವರು 16,000, ಅರಮನೆಯ ಅಧಿಕಾರಿಗಳು 1,500. ಒಟ್ಟು 69,574. ನಾನು ಕ್ಯಾಲ್ಕ್ಯುಲೇಟರ್ ಹಿಡಿದು ಕೂಡಿಸಿದೆ, ಟೋಟಲ್ ತಾಳೆ ಆಗುತ್ತೆ.

ಆ ಐದು ಸಾವಿರ ಗಣ್ಯರಲ್ಲಿ ಟೈರ್ ಮತ್ತು ಸೈಡನ್ ಪಟ್ಟಣದವರೂ ಇದ್ದರು ಅಂತ ಅದೇ ಶಾಸನ ಹೇಳುತ್ತೆ. ಇವತ್ತಿನ ಲೆಬನಾನಿನ ಕರಾವಳಿ ಊರುಗಳು, ಫಿನೀಷಿಯನ್ನರ ಊರುಗಳು. ಈ ಹೆಸರುಗಳನ್ನ ತಲೇಲಿಟ್ಕೊಳ್ಳಿ.

ಸರಿ, ದಂತದ ಮಂಚ ಅಂದ್ರೆ ಪೂರ್ತಿ ದಂತದ್ದಲ್ಲ. ಒಳಗಿನ ಚೌಕಟ್ಟು ಮರದ್ದು. ಅದರ ಮೇಲೆ ಅಂಗೈಯಗಲದ ದಂತದ ಹಲಗೆಗಳು, ಪಟ್ಟಿಗಳು, ಸಣ್ಣ ಸಣ್ಣ ಗೊಂಬೆಗಳು. ಒಂದರ ಚಾಚಿದ ತುದಿ ಇನ್ನೊಂದರ ತೂತಿನಲ್ಲಿ ಕೂರುವ ಹಾಗೆ ಕೊರೆದು ಜೋಡಿಸ್ತಿದ್ರು. ಕೆತ್ತನೆಯ ಮೇಲೆ ಚಿನ್ನದ ತೆಳು ಹಾಳೆ. ಹೂವಿನ ದಳ, ರೆಕ್ಕೆಯ ಗರಿಗಳ ನಡುವೆ ಗುಳಿ ಮಾಡಿ ನೀಲಿ ಮತ್ತು ಕೆಂಪು ಕಲ್ಲು, ಇಲ್ಲವೇ ಬಣ್ಣದ ಗಾಜು. ಈಗ ಮ್ಯೂಸಿಯಮ್ಮಲ್ಲಿ ನೋಡಿದ್ರೆ ಎಲ್ಲಾ ಕಂದು, ಬಿಳಿಚು, ಸಾತ್ವಿಕವಾಗಿ ಕಾಣುತ್ತೆ. ಹೊಸದರಲ್ಲಿ ಹಾಗಿರಲಿಲ್ಲ, ಕಣ್ಣು ಕುಕ್ಕೋ ಥರ ಇತ್ತು. ಮೈಸೂರು ಅರಮನೆಯ ಅಂಬಾವಿಲಾಸಕ್ಕೆ ಹೋಗುವಾಗ ಬೀಟೆಮರದಲ್ಲಿ ದಂತ ಕೂರಿಸಿದ ಬಾಗಿಲು ನೋಡಿರ್ತೀರಲ್ಲಾ, ಮರದಲ್ಲಿ ದಂತ ಕೂರಿಸೋ ವಿದ್ಯೆ ಅಂದ್ರೆ ಏನು ಅನ್ನೋದಕ್ಕೆ ಅದು ಸಾಕು. ಆದರೆ ನಿಮ್ರೂದಿನ ಅಬ್ಬರವೇ ಬೇರೆ, ಅಲ್ಲಿ ದಂತವೇ ಚಿನ್ನದ ಕೆಳಗೆ ಅಡಗಿತ್ತು.

ಮರ ಮಣ್ಣಾಗಿ ಹೋಗಿದೆ. ಹಾಗಾದ್ರೆ ಇವು ಪೀಠೋಪಕರಣದ ಭಾಗಗಳು ಅಂತ ಹೇಗೆ ಗೊತ್ತಾಯ್ತು? ಒಂದು ಸಾಕ್ಷಿ ಕಲ್ಲಲ್ಲೇ ಇದೆ. ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ನಿನವೆಯಿಂದ ತಂದ ಒಂದು ಉಬ್ಬುಶಿಲ್ಪ ಇದೆ. ಕ್ರಿ.ಪೂ. 7ನೇ ಶತಮಾನದ್ದು. ರಾಜ ಅಶುರ್‌ಬನಿಪಾಲ್ ದ್ರಾಕ್ಷಿ ಬಳ್ಳಿಯ ಕೆಳಗೆ ಮಂಚದ ಮೇಲೆ ಒರಗಿಕೊಂಡಿದ್ದಾನೆ, ರಾಣಿ ಎದುರಿಗೆ ಎತ್ತರದ ಕುರ್ಚಿಯಲ್ಲಿ ಕೂತಿದ್ದಾಳೆ, ಇಬ್ಬರ ಕೈಯಲ್ಲೂ ಬಟ್ಟಲು. ಸುತ್ತ ಸೇವಕರು, ಬೀಸಣಿಗೆ. ತುಂಬಾ ಹಾಯಾದ ಸಂಜೆ. ಆದರೆ ಎಡಗಡೆಯ ಮರದಲ್ಲಿ ಏನೋ ನೇತಾಡ್ತಿದೆ, ಸ್ವಲ್ಪ ಝೂಮ್ ಮಾಡಿ ನೋಡಿ. ಅದು ಎಲಾಮ್ ರಾಜ ತೆಉಮ್ಮನ್‌ನ ತಲೆ. ಇನ್ನೂ ಝೂಮ್ ಮಾಡಿ, ಈ ಸಲ ಮಂಚದ ಕಾಲಿನ ಮೇಲೆ. ಅಲ್ಲಿ ಪುಟ್ಟ ಕಿಟಕಿ, ಕಿಟಕಿಯಲ್ಲಿ ಹೆಂಗಸಿನ ಮುಖ.

ಅದೇ ಮುಖ, ಅದೇ ಕಿಟಕಿ, ನಿಮ್ರೂದಿನ ಮಣ್ಣಲ್ಲಿ ದಂತದ ತುಂಡುಗಳಾಗಿ ಸಿಕ್ಕಿದೆ. ‘ಕಿಟಕಿಯ ಹೆಂಗಸು’ ಅಂತಲೇ ಅದರ ಹೆಸರು. ಗುಂಗುರು ಕೂದಲು, ಒಂದರೊಳಗೊಂದು ಚೌಕಟ್ಟು, ಕೆಳಗೆ ಕಿರು ಕಂಬಗಳ ಕಟಕಟೆ, ನಮ್ಮನ್ನೇ ನೇರವಾಗಿ ನೋಡೋ ಕಣ್ಣು. ದೇವತೆಯೋ, ದೇವಿಯ ಸೇವೆಯವಳೋ, ವಿದ್ವಾಂಸರು ಜಗಳ ಆಡ್ತಾನೇ ಇದ್ದಾರೆ. ನನಗೆ ಮುಖ್ಯ ಅನ್ನಿಸೋದು ಬೇರೆ. ಈ ಹೆಂಗಸು ಅಸ್ಸೀರಿಯಾದವಳಲ್ಲ. ಪಶ್ಚಿಮದ ಕರಾವಳಿಯ ಕಡೆಯವಳು. ವೈರಿಯ ತಲೆ ಮರಕ್ಕೆ ತೂಗುಹಾಕಿ ಕುಡಿಯೋ ರಾಜ, ಗೆದ್ದ ನಾಡಿನ ಕುಸುರಿಯ ಮಂಚದ ಮೇಲೇ ಒರಗಿದ್ದಾನೆ.

ಈಗ ಆ ತಕರಾರಿಗೆ ಬರೋಣ. ನಿಮ್ರೂದಲ್ಲಿ ಸಿಕ್ಕ ದಂತಗಳು ಸಾವಿರಾರು. ಅದರಲ್ಲಿ ಅಸ್ಸೀರಿಯಾದವರೇ ಮಾಡಿದ್ದು ಸ್ವಲ್ಪ ಮಾತ್ರ. ಅದನ್ನ ಗುರುತು ಹಿಡಿಯೋದು ಸುಲಭ: ಹೆಚ್ಚಾಗಿ ಚಪ್ಪಟೆ ಹಲಗೆ, ಅದರ ಮೇಲೆ ಸೂಜಿಯಲ್ಲಿ ಗೀರಿದಂಥ ಗೆರೆ, ವಿಷಯ ಅದೇ ರಾಜ, ಸೇವಕರು, ಯುದ್ಧ, ಕಪ್ಪ ಹೊತ್ತು ತರೋರ ಸಾಲು. ಅರಮನೆ ಗೋಡೆಯ ಶಿಲ್ಪವನ್ನ ಚಿಕ್ಕದು ಮಾಡಿದ ಹಾಗೆ. ಉಳಿದದ್ದು, ಅಂದ್ರೆ ಹೆಚ್ಚಿನ ಪಾಲು, ಹೊರಗಿನದ್ದು. ಫಿನೀಷಿಯಾದ್ದು, ಉತ್ತರ ಸಿರಿಯಾದ್ದು, ಇವೆರಡರ ನಡುವಿನ ಇನ್ನೊಂದು ಶೈಲಿಯದ್ದು. ಈ ವಿಂಗಡಣೆ ಮಾಡೋಕೇ ವಿದ್ವಾಂಸರ ಆಯಸ್ಸು ಹೋಗಿದೆ. ಜಾರ್ಜಿನಾ ಹರ್ಮನ್ ಅನ್ನೋ ವಿದುಷಿ ದಶಕಗಳ ಕಾಲ ಒಂದೊಂದೇ ತುಂಡು ಎತ್ತಿ ಪಟ್ಟಿ ಮಾಡಿದ್ದಾರೆ. ನನ್ನ ಕೈಲಿ ಒಂದು ತಿಂಗಳ ಬಿಲ್ಲು ಜೋಡಿಸೋಕಾಗಲ್ಲ.

ಫಿನೀಷಿಯನ್ ಕೆಲಸ ನಾಜೂಕು, ತೆಳುವು, ಖಾಲಿ ಜಾಗಕ್ಕೂ ಬೆಲೆ ಕೊಡುತ್ತೆ. ಈಜಿಪ್ಟಿನ ವೇಷ ಹಾಕುತ್ತೆ. ರೆಕ್ಕೆಯ ಸ್ಫಿಂಕ್ಸ್, ಕಮಲ, ಈಜಿಪ್ಟಿನ ಕಿರೀಟ ಎಲ್ಲಾ ಇದೆ. ಎಷ್ಟೋ ತುಂಡುಗಳ ಮೇಲೆ ಈಜಿಪ್ಟಿನ ಚಿತ್ರಲಿಪಿಯೂ ಇದೆ, ಆದರೆ ಓದೋಕೆ ಹೋದ್ರೆ ಎಷ್ಟೋ ಕಡೆ ಅರ್ಥವೇ ಇಲ್ಲ! ಚೆನ್ನಾಗಿ ಕಾಣುತ್ತೆ ಅಂತ ಹಾಕಿದ್ದು. ಚೀನೀ ಅಕ್ಷರದ ಟ್ಯಾಟೂ ಹಾಕಿಸ್ಕೊಂಡ ಗೆಳೆಯರು ನಿಮಗೂ ಇರ್ತಾರೆ, ಅದೇ ಕೇಸು. ಉತ್ತರ ಸಿರಿಯಾದ ಕೆಲಸ ಇನ್ನೊಂದು ಥರ: ದೊಡ್ಡ ಕಣ್ಣು, ದಪ್ಪ ಮೈ, ಚೌಕಟ್ಟು ತುಂಬಾ ಗಿಜಿಗಿಜಿ.

ಪದೇ ಪದೇ ಬರೋ ಒಂದು ಚಿತ್ರ ಹಸು-ಕರು. ಕರು ಕೆಚ್ಚಲಿಗೆ ಬಾಯಿಟ್ಟಿದೆ, ಹಸು ಕತ್ತು ಹಿಂದಕ್ಕೆ ತಿರುಗಿಸಿ ಅದನ್ನ ನೆಕ್ತಿದೆ. ಇದನ್ನ ನಮ್ಮ ಕಡೆಯವರಿಗೆ ವಿವರಿಸೋದೇ ಬೇಡ. ಕೆತ್ತಿದವನು ಕೊಟ್ಟಿಗೆಯಲ್ಲಿ ನಿಂತು ನೋಡಿದ್ದಾನೆ ಅನ್ನೋದು ಆ ಕತ್ತಿನ ತಿರುವಿನಲ್ಲೇ ಗೊತ್ತಾಗುತ್ತೆ.

ಆ ಕೆತ್ತಿದವನ ಹೆಸರೇನು? ಹೆಸರು ಇಲ್ಲ. ಆದರೆ ಅವನ ಅಕ್ಷರ ಇದೆ, ಈ ಇಡೀ ಕಥೇಲಿ ನನಗೆ ತುಂಬಾ ಇಷ್ಟವಾದ ವಿಷಯ ಇದು. ದಂತದ ಹಲಗೆಗಳನ್ನ ತಿರುಗಿಸಿ ಹಿಂಬದಿ ನೋಡಿದ್ರೆ, ಎಷ್ಟೋ ತುಂಡುಗಳಲ್ಲಿ ಒಂದೊಂದು ಅಕ್ಷರ ಗೀರಿದ್ದಾರೆ. ಅಸ್ಸೀರಿಯಾದ ಮೊಳೆಯಾಕಾರದ ಲಿಪಿ ಅಲ್ಲ, ಫಿನೀಷಿಯನ್-ಅರಾಮಿಕ್ ವರ್ಣಮಾಲೆಯ ಅಕ್ಷರ. ಯಾವ ತುಂಡು ಯಾವುದರ ಪಕ್ಕ ಕೂರಬೇಕು ಅಂತ ಜೋಡಿಸೋನಿಗೆ ಗುರುತು. ಆನ್‌ಲೈನಲ್ಲಿ ಕಪಾಟು ತರಿಸಿ ಬಿಚ್ಚಿದಾಗ ಹಲಗೆಗಳ ಮೇಲೆ ಎ, ಬಿ, ಸಿ ಸ್ಟಿಕ್ಕರ್ ಇರುತ್ತಲ್ಲ, ಥೇಟ್ ಅದು. ಮುಂದಿನ ಮುಖ ರಾಜನಿಗೆ, ಹಿಂದಿನ ಮುಖ ಬಡಗಿಗೆ. ಮುಂದೆ ಈಜಿಪ್ಟಿನ ಸುಳ್ಳು ಲಿಪಿ, ಹಿಂದೆ ಅವರದ್ದೇ ಕೆಲಸದ ಲಿಪಿ. ಜೋಡಿಸಿದ ಮೇಲೆ ಯಾರಿಗೂ ಕಾಣಬಾರದ ಆ ಒಂದು ಅಕ್ಷರ ಇವತ್ತು ಅವರ ಊರಿನ ದಿಕ್ಕು ತೋರಿಸ್ತಿದೆ.

ಅಪರೂಪಕ್ಕೆ ಪೂರ್ತಿ ಹೆಸರೂ ಸಿಗುತ್ತೆ, ಆದರೆ ಅದು ಮಾಡಿದವನದ್ದಲ್ಲ, ಮಾಡಿಸಿದ ದೊರೆಯದ್ದು. 1928ರಲ್ಲಿ ಫ್ರೆಂಚರು ಸಿರಿಯಾದ ಅರ್ಸ್ಲಾನ್ ತಾಶ್ ಅನ್ನೋ ಕಡೆ ಅಗೆದಾಗ, ಅಲ್ಲಿನ ಅಸ್ಸೀರಿಯನ್ ಅರಮನೆಯ ಹತ್ತಿರ ದಂತದ ತುಂಡುಗಳು ಸಿಕ್ಕವು. ಒಂದು ಪಟ್ಟಿಯ ಮೇಲೆ ಅರಾಮಿಕ್‌ನಲ್ಲಿ ‘ನಮ್ಮ ಒಡೆಯ ಹಜಾಯೇಲ್’ ಅಂತ ಬರೆದಿತ್ತು. ಹಜಾಯೇಲ್ ದಮಾಸ್ಕಸ್ಸಿನ ರಾಜ. ನಾನು ಶುರುವಿನಲ್ಲಿ ಓದಿದ ಪಟ್ಟಿಯೂ ದಮಾಸ್ಕಸ್ಸಿನದ್ದೇ. ಆ ಮಂಚವೇ ಇದು ಅಂತ ಹೇಳೋಕಾಗಲ್ಲ, ಆದರೆ ಅಸ್ಸೀರಿಯಾದ ರಾಜರು ಬರೆಸಿದ ಪಟ್ಟಿ ಬಡಾಯಿ ಅಲ್ಲ ಅನ್ನೋದಕ್ಕೆ ಈ ತುಂಡು ಸಾಕು.

ಹೀಗೆ ಬಂದ ಸಾಮಾನಿಗೆ ಲೆಕ್ಕವೇ ಇಲ್ಲ. ಅಶುರ್‌ನಾಸಿರ್‌ಪಾಲ್ ಕಾರ್ಕೆಮಿಶ್‌ನ ರಾಜ ಸಂಗಾರನಿಂದ 20 ಟ್ಯಾಲೆಂಟ್ ಬೆಳ್ಳಿ, 250 ಟ್ಯಾಲೆಂಟ್ ಕಬ್ಬಿಣದ ಜೊತೆ ದಂತ ಕೂರಿಸಿದ ಮರದ ಪೀಠೋಪಕರಣವನ್ನೂ ತಗೊಂಡ. ಕ್ರಿ.ಪೂ. 701ರಲ್ಲಿ ಸೆನ್ನಾಕೆರಿಬ್ ಜೆರುಸಲೇಮಿಗೆ ಮುತ್ತಿಗೆ ಹಾಕಿದಾಗ ಅಲ್ಲಿನ ರಾಜ ಹಿಜ್ಕೀಯ ಕಳಿಸಿದ ಕಪ್ಪದಲ್ಲೂ ದಂತದ ಮಂಚ, ದಂತದ ಕುರ್ಚಿ ಇವೆ. ಸಾಮಾನಿನ ಜೊತೆ ಜನರೂ ಬಂದರು. ಗೆದ್ದ ಊರಿನ ಜನರನ್ನ, ಅದರಲ್ಲೂ ಕುಶಲಕರ್ಮಿಗಳನ್ನ ಕಿತ್ತು ದೂರದ ಊರಿಗೆ ನಡೆಸೋದು ಅಸ್ಸೀರಿಯಾದ ಆಡಳಿತದ ಪದ್ಧತಿಯೇ ಆಗಿತ್ತು.

ಇನ್ನೊಬ್ಬರನ್ನ ಮರೀಬಾರದು: ಆನೆ. ಆಗ ಸಿರಿಯಾದಲ್ಲಿ ಕಾಡಾನೆಗಳಿದ್ದವು. ಅವು ನಮ್ಮ ನಾಗರಹೊಳೆ, ಬಂಡೀಪುರದಲ್ಲಿ ಕಾಣೋ ಏಷ್ಯಾ ಆನೆಯ ನೆಂಟರು. ಕ್ರಿ.ಪೂ. 1100ರ ಸುಮಾರಿನಲ್ಲಿ ಒಂದನೇ ತಿಗ್ಲತ್-ಪಿಲೇಸರ್, ಹರ್ರಾನ್ ಮತ್ತು ಖಾಬೂರ್ ನದಿಯ ಸೀಮೆಯಲ್ಲಿ 10 ಗಂಡಾನೆ ಕೊಂದೆ, 4 ಆನೆ ಜೀವಂತ ಹಿಡಿದೆ ಅಂತ ಬರೆಸಿದ್ದಾನೆ. ಅಶುರ್‌ನಾಸಿರ್‌ಪಾಲ್ 30 ಆನೆ ಕೊಂದ ಲೆಕ್ಕ ಕೊಡ್ತಾನೆ. ಆಮೇಲೆ ಕೆಲವು ತಲೆಮಾರಿನೊಳಗೆ ಆ ಸೀಮೆಯಲ್ಲಿ ಆನೆಯ ಸುದ್ದಿಯೇ ನಿಂತುಹೋಗುತ್ತೆ. ಆಫ್ರಿಕಾದ ಆನೆಯ ದಂತ ಈಜಿಪ್ಟಿನ ದಾರಿಯಲ್ಲಿ ಬರ್ತಿತ್ತು, ಅದು ಬೇರೆ ಮಾತು. ಆದರೆ ಊರ ಪಕ್ಕದ ಆನೆ ಮುಗೀತು.

ಇಷ್ಟೆಲ್ಲಾ ತಂದು ಏನು ಮಾಡಿದ್ರು? ನಾನು ಬೆಚ್ಚಿದ್ದು ಇಲ್ಲೇ. ಹೆಚ್ಚಿನದನ್ನ ಉಗ್ರಾಣದಲ್ಲಿ ಪೇರಿಸಿಟ್ರು.

ಕಲ್ಹು ಊರಿನ ಒಂದು ಮೂಲೆಯಲ್ಲಿ, ಅಶುರ್‌ನಾಸಿರ್‌ಪಾಲ್‌ನ ಮಗ ಮೂರನೇ ಶಲ್ಮನೇಸರ್ ಒಂದು ದೊಡ್ಡ ಕಟ್ಟಡ ಕಟ್ಟಿಸಿದ್ದ. ಸೇನೆಯ ಕವಾಯತು, ಆಯುಧ, ರಥ, ಲೂಟಿಯ ಮಾಲು ಎಲ್ಲಾ ಅಲ್ಲಿ. ಈಗ ಅದಕ್ಕೆ ‘ಶಲ್ಮನೇಸರ್ ಕೋಟೆ’ ಅಂತ ಹೆಸರು. ದಂತದ ದೊಡ್ಡ ರಾಶಿಗಳು ಸಿಕ್ಕಿದ್ದು ಇಲ್ಲಿನ ಕೋಣೆಗಳಲ್ಲಿ. ಒಂದು ಕೋಣೆಯಲ್ಲಿ ಕುರ್ಚಿ ಬೆನ್ನಿನ ಹಲಗೆಗಳು ಸಾಲಾಗಿ, ಒಂದರ ಹಿಂದೆ ಒಂದು ಒರಗಿಸಿಟ್ಟಂತೆ ಸಿಕ್ಕವು. ಮದುವೆ ಮುಗಿದ ಮೇಲೆ ಛತ್ರದವರು ಕುರ್ಚಿ ಜೋಡಿಸಿಡೋ ಹಾಗೆ. ಆಮೇಲೆ ರಾಜಧಾನಿಯೂ ಬದಲಾಯ್ತು, ಸರ್ಗೋನ್ ಹೊಸ ಊರು ಕಟ್ಟಿದ, ಅವನ ಮಗ ನಿನವೆಗೆ ಹೋದ. ಕಲ್ಹು ಹಿಂದೆ ಉಳೀತು, ಸಾಮಾನೂ ಉಳೀತು. ಹಾಗಂತ ಅವರಿಗೆ ಬೇಡವಾಗಿತ್ತು ಅಂತಲ್ಲ, ಅಶುರ್‌ಬನಿಪಾಲ್‌ನ ಮಂಚ ನೋಡಿದ್ವಲ್ಲ. ಆದರೆ ಕೂರೋಕೆ ಬೇಕಾದ್ದಕ್ಕಿಂತ ತುಂಬಾ ಜಾಸ್ತಿ ಕಿತ್ತುಕೊಂಡಿದ್ದರು. ಅಕೌಂಟ್ಸ್ ಭಾಷೇಲಿ ಇದು ಉಪಯೋಗಿಸೋ ಆಸ್ತಿಯೇ ಅಲ್ಲ. ಎದುರಾಳಿಯ ಪುಸ್ತಕದಿಂದ ಕಳೆಯೋದೇ ಉದ್ದೇಶ. ಒಬ್ಬ ರಾಜನ ಸಿಂಹಾಸನ ನಿನ್ನ ಗೋಡೌನಲ್ಲಿದೆ ಅಂದ್ರೆ ಅವನು ಅದರ ಮೇಲೆ ಕೂತಿಲ್ಲ, ಅಷ್ಟೇ ಸಾಕು. ಇದು ನನ್ನ ಓದು, ಒಪ್ಪದೇ ಇರಬಹುದು.

ಕ್ರಿ.ಪೂ. 614ರಲ್ಲಿ ಒಮ್ಮೆ, 612ರಲ್ಲಿ ಇನ್ನೊಮ್ಮೆ ಆ ಗೋಡೌನಿಗೂ ಜನ ನುಗ್ಗಿದರು. ಈ ಸಲ ಮೇದ್ಯರು, ಬ್ಯಾಬಿಲೋನಿನವರು. ಅವರಿಗೆ ಬೇಕಿದ್ದದ್ದು ಚಿನ್ನ. ದಂತದ ಮೇಲಿನ ಚಿನ್ನ ಸುಲಿದು, ಉಳಿದದ್ದನ್ನ ನೆಲಕ್ಕೆ ಎಸೆದು, ಬೆಂಕಿ ಇಟ್ಟು ಹೋದರು ಅನ್ನೋದು ಅಗೆದವರು ಕಂಡ ಚಿತ್ರ. ಬೆಂಕಿ ತಗುಲಿದ ದಂತ ಕಪ್ಪಾಯ್ತು, ಬೂದಿ ಬಣ್ಣವಾಯ್ತು, ಕೆಲವು ನೀಲಿಗೆ ತಿರುಗಿದವು. ಅಲ್ಲಿಗೆ ನಮ್ಮ ಕೈಗೆ ಬಂದಿರೋದು ಏನು? ಎರಡು ಸಲ ಲೂಟಿಯಾದ ಮಾಲಿನಲ್ಲಿ ಎರಡನೇ ಕಳ್ಳರಿಗೆ ಬೇಡವಾದದ್ದು.

1845ರಲ್ಲಿ ಆಸ್ಟೆನ್ ಹೆನ್ರಿ ಲೇಯಾರ್ಡ್ ನಿಮ್ರೂದ್ ದಿಬ್ಬ ಅಗೆಯೋಕೆ ಶುರು ಮಾಡಿದಾಗ ಅವನಿಗೆ 28 ವರ್ಷ. ಅವನಿಗೆ ಸಿಕ್ಕ ದಂತಗಳು ಮುಟ್ಟಿದ್ರೆ ಪುಡಿಯಾಗೋ ಸ್ಥಿತಿಯಲ್ಲಿದ್ದವು. ಲಂಡನ್ನಿಗೆ ಒಯ್ದು ಜೆಲಟಿನ್ ನೀರಲ್ಲಿ ಕುದಿಸಿದರು, ಮಣ್ಣಲ್ಲಿ ಕಳಕೊಂಡ ಅಂಟಿನಂಶ ವಾಪಸ್ ಬರಲಿ ಅಂತ. ಗಟ್ಟಿಯಾದವು. ದಂತಕ್ಕೆ ಪಾಯ ಸೂಪು ಕುಡಿಸಿದ ಹಾಗೆ!

ನೂರು ವರ್ಷದ ಮೇಲೆ, 1949ರಲ್ಲಿ, ಮ್ಯಾಕ್ಸ್ ಮಾಲೋವನ್ ಮತ್ತೆ ಅಗೆತ ಶುರು ಮಾಡಿದ. ಅವನ ಹೆಂಡತಿ ಅಗಾಥಾ ಕ್ರಿಸ್ಟಿ, ಹೌದು, ಅದೇ ಪತ್ತೇದಾರಿ ಕಾದಂಬರಿಗಳ ಅಗಾಥಾ ಕ್ರಿಸ್ಟಿ. ದಂತದ ಸಂದುಗಳ ಕೊಳೆ ತೆಗೆಯೋಕೆ ಸಣ್ಣ ಹೆಣಿಗೆ ಕಡ್ಡಿ, ಉಗುರಿನ ಕಡ್ಡಿ, ಜೊತೆಗೆ ಮುಖಕ್ಕೆ ಹಚ್ಚೋ ಕ್ರೀಮು ಬಳಸ್ತಿದ್ದೆ ಅಂತ ಆತ್ಮಕಥೆಯಲ್ಲಿ ಹೇಳಿದ್ದಾರೆ. ಕ್ರೀಮೆಲ್ಲಾ ದಂತಕ್ಕೇ ಖರ್ಚಾಗಿ ತನ್ನ ಮುಖಕ್ಕೆ ಉಳೀಲಿಲ್ಲ ಅಂತ ತಮಾಷೆಯನ್ನೂ ಮಾಡ್ತಾರೆ.

1952ರಲ್ಲಿ ಅರಮನೆಯ ಒಂದು ಹಳೇ ಬಾವಿಯ ಕೆಸರಿನೊಳಗಿಂದ ಅಪರೂಪದ ತುಂಡುಗಳು ಬಂದವು. ಕೆಸರು ಗಾಳಿ ತಾಗದಂತೆ ಕಾಪಾಡಿತ್ತು. ಒಂದು ಹೆಂಗಸಿನ ಮುಖ, ಸುಮಾರು 16 ಸೆಂಟಿಮೀಟರ್ ಎತ್ತರ, ಸಣ್ಣ ನಗು. ಅದಕ್ಕೆ ‘ನಿಮ್ರೂದಿನ ಮೊನಾಲಿಸಾ’ ಅಂತ ಹೆಸರು ಬಿತ್ತು. ಆದರೆ ನನ್ನನ್ನ ಹಿಡಿದು ನಿಲ್ಲಿಸೋದು ಅದೇ ಬಾವಿಯ ಇನ್ನೆರಡು ತುಂಡು. ಎರಡರಲ್ಲೂ ಒಂದೇ ಚಿತ್ರ, ಜೋಡಿ. ಬರೀ ಹತ್ತು ಸೆಂಟಿಮೀಟರ್ ಚಿಲ್ಲರೆ. ಆಫ್ರಿಕಾದ ಒಬ್ಬ ಹುಡುಗ ಕೈ ಹಿಂದಕ್ಕೆ ಊರಿ ಬಿದ್ದಿದ್ದಾನೆ, ಮೇಲೆ ಸಿಂಹಿಣಿ. ಬಾಯಿ ಅವನ ಕತ್ತಿನಲ್ಲಿದೆ, ಒಂದು ಮುಂಗಾಲು ಅವನ ಹೆಗಲು ಬಳಸಿದೆ. ಅಪ್ಪಿಕೊಂಡ ಹಾಗೆ ಕಾಣುತ್ತೆ, ಅದೇ ಭಯ. ಹುಡುಗನ ಒಂದೊಂದು ಗುಂಗುರು ಕೂದಲೂ ಚಿನ್ನದ ತಲೆಯ ಪುಟ್ಟ ಮೊಳೆ. ಸೊಂಟದ ಬಟ್ಟೆಗೆ ಚಿನ್ನದ ಹಾಳೆ. ಹಿಂದೆ ಹೂವಿನ ತೋಟ, ನೀಲಿ ಲಾಪಿಸ್ ಲಾಜುಲಿ, ಕೆಂಪು ಕಾರ್ನೀಲಿಯನ್. ಇಲ್ಲಿ ಚಿನ್ನ ಉಳಿದಿದೆ, ಬಾವಿ ಉಳಿಸಿತು. ಇದು ಸಿಂಹಾಸನದ್ದೋ ಮಂಚದ್ದೋ ಭಾಗ ಆಗಿರಬೇಕು. ಯಾರೋ ದೊರೆ ಇದಕ್ಕೆ ಒರಗಿ ಕೂತಿದ್ದ.

ಜೋಡಿಯಲ್ಲಿ ಒಂದು ಲಂಡನ್ನಿಗೆ ಹೋಯ್ತು, ಒಂದು ಬಾಗ್ದಾದಿನ ಇರಾಕ್ ಮ್ಯೂಸಿಯಮ್ಮಿನಲ್ಲಿ ಉಳೀತು. ಆಗಿನ ಪದ್ಧತಿ ಅದು, ಅಗೆದವರಿಗೆ ಒಂದು ಪಾಲು. 2003ರ ಏಪ್ರಿಲ್‌ನಲ್ಲಿ, ಅಮೆರಿಕದ ಸೇನೆ ಬಾಗ್ದಾದಿಗೆ ಬಂದ ದಿನಗಳಲ್ಲಿ, ಮ್ಯೂಸಿಯಂ ಲೂಟಿಯಾಯ್ತು. ಬಾಗ್ದಾದಿನ ಸಿಂಹಿಣಿ ಹೋಯ್ತು. ಸುರಕ್ಷಿತ ಅಂತ ಬ್ಯಾಂಕಿನ ತಿಜೋರಿಯಲ್ಲಿಟ್ಟಿದ್ದ ದಂತಗಳೂ ತಿಜೋರಿಗೆ ನೀರು ನುಗ್ಗಿ ಹಾಳಾದವು. ಬಾವಿಯ ಕೆಸರಲ್ಲಿ 2,500 ವರ್ಷ ಬಾಳಿದ ವಸ್ತುಗಳ ಜೊತೆಯವು ಬ್ಯಾಂಕಿನಲ್ಲಿ ಕೊಳೆತವು. 2015ರಲ್ಲಿ ಐಸಿಸ್‌ನವರು ಅಶುರ್‌ನಾಸಿರ್‌ಪಾಲ್‌ನ ಅರಮನೆಗೆ ಸ್ಫೋಟಕ ಇಟ್ಟು ಉಡಾಯಿಸಿ ಅದರ ವಿಡಿಯೋ ಹಾಕಿದರು. ಅದು ನಿಮ್ಮಲ್ಲಿ ಕೆಲವರ ಫೋನಿಗೂ ಬಂದಿರುತ್ತೆ.

ಕೊನೇದಾಗಿ ಒಂದು ವ್ಯವಹಾರ. ಮಾಲೋವನ್ ಕಾಲದಲ್ಲಿ ಬ್ರಿಟನ್ನಿಗೆ ಬಂದ ಪಾಲು ಒಂದು ಸಂಶೋಧನಾ ಸಂಸ್ಥೆಯ ಹೆಸರಲ್ಲಿತ್ತು, ಈಗ ಅದರ ಹೆಸರು ಬ್ರಿಟಿಷ್ ಇನ್‌ಸ್ಟಿಟ್ಯೂಟ್ ಫಾರ್ ದಿ ಸ್ಟಡಿ ಆಫ್ ಇರಾಕ್. 2011ರಲ್ಲಿ ಅದನ್ನ ಮೂರು ಪಾಲು ಮಾಡಿದರು. ಒಂದು ಪಾಲನ್ನ ಬ್ರಿಟಿಷ್ ಮ್ಯೂಸಿಯಂ 11 ಲಕ್ಷ 70 ಸಾವಿರ ಪೌಂಡಿಗೆ ಕೊಂಡಿತು. ಇನ್ನೊಂದು ಪಾಲು ಉಚಿತ, ಅಷ್ಟೂ ವರ್ಷ ಮ್ಯೂಸಿಯಂ ತನ್ನ ಉಗ್ರಾಣದಲ್ಲಿ ಜೋಪಾನ ಮಾಡಿದ್ದಕ್ಕೆ. ಮೂರನೇ ಪಾಲು ಮುಂದೊಂದು ದಿನ ಇರಾಕಿಗೆ ವಾಪಸ್ ಅಂತ ಮಾತಾಯ್ತು. ಪತ್ರದ ಪ್ರಕಾರ ಎಲ್ಲಾ ಸರಿಯಾಗಿಯೇ ಇದೆ, ಯಾರೂ ಯಾರಿಗೂ ಮೋಸ ಮಾಡಿಲ್ಲ. ಆದರೂ ಆ ಬೆಲೆಯನ್ನ ನಾನು ಎರಡು ಸಲ ಓದಿದೆ. ಬೆಲೆ ಕಟ್ಟಿದ ಮಾತುಕತೆಯಲ್ಲಿ ಬಾಗ್ದಾದಿದೆ, ಲಂಡನ್ ಇದೆ. ಟೈರ್, ಸೈಡನ್, ದಮಾಸ್ಕಸ್ ಎಲ್ಲೂ ಇಲ್ಲ.

ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಮ್ಮಿಗೂ ನಿಮ್ರೂದಿನ ಒಂದು ಪಾಲು ಸಿಕ್ಕಿದೆ, ಅದರ ಚಿತ್ರಗಳು ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗ್ತವೆ. ಬ್ರಿಟಿಷ್ ಮ್ಯೂಸಿಯಮ್ಮಿನ ಸೈಟಲ್ಲಿ ಲಂಡನ್ನಿನ ಸಿಂಹಿಣಿ ಇದೆ. ಬಸ್ಸಲ್ಲೋ ಮೆಟ್ರೋದಲ್ಲೋ ಕೂತು ಕೇಳ್ತಿದ್ರೆ ಈಗಲೇ ತೆಗೆದು ನೋಡಿ. ಎಲ್ಲಾದರೂ ಒಂದು ಹಲಗೆಯ ಹಿಂಬದಿಯ ಫೋಟೋ ಹಾಕಿದ್ರೆ, ಮೊದಲು ಅದನ್ನ ಝೂಮ್ ಮಾಡಿ, ಆ ಬಡಗಿಯ ಅಕ್ಷರ ಸಿಗುತ್ತಾ ಅಂತ.